ಕೆನೆಯ ಕೆಳಗಿನ ಮೊಟ್ಟೆ

ಹಾಲಿನಲ್ಲಿ ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರಂತೆ. ನಾನು ಬಾಯಿ ಸುಟ್ಟುಕೊಳ್ಳದೆಯೇ ಊದುವವಳು. ಅಂಥವಳಿಗೆ, ಎಂಬತ್ತರ ದಶಕದಲ್ಲಿ, ಅಮೆರಿಕದ ಕ್ಯುಪರ್ಟಿನೋದಲ್ಲಿ, ನಾಲ್ಕು ವರ್ಷದ ಮಗಳನ್ನು ಪಕ್ಕದ ಮನೆಯ, ಇಂಗ್ಲೆಂಡಿನಿಂದ ಬಂದ ಅಜ್ಜಿಯ ಕೈಗೆ ಒಪ್ಪಿಸುವ ಕಾಲ ಬಂತು. ಮಗಳು ಹುಟ್ಟಿದ ಮೇಲೆ ಮೊದಲ ಸಲ ನನಗೊಂದು ಎಂಜಿನಿಯರ್ ಕೆಲಸ ಸಿಕ್ಕಿತ್ತು. ಸೋಮವಾರ ಸೇರಬೇಕು. ಡೇಕೇರ್‌ಗಳಲ್ಲಿ ಜಾಗವಿರಲಿಲ್ಲ. ಅಜ್ಜಿ ತಾವಾಗಿಯೇ ನೋಡಿಕೊಳ್ಳುತ್ತೇನೆ ಎಂದಿದ್ದರು. ಅವರು ಬೇಡವೆಂದರೆ ಕೆಲಸವೂ ಹೋದಂತೆಯೇ.

ಅಭ್ಯಾಸವಾಗಲೆಂದು ಆ ವಾರ ದಿನಾ ಮಧ್ಯಾಹ್ನ ಎರಡು ಗಂಟೆ ಹೊತ್ತು ಮಗಳನ್ನು ಅಲ್ಲಿ ಬಿಟ್ಟೆ. ನಾವು ಮೊಟ್ಟೆ ಮುಟ್ಟುವವರಲ್ಲ ಎಂದು ಮೂರು ಸಲ ಹೇಳಿದೆ. ಮೂರು ಸಲವೂ ಅಜ್ಜಿ ಆಗಲಿ ಎಂದರು. ಅಷ್ಟು ಸಲೀಸಾಗಿ ಒಪ್ಪಿದ್ದೇ ನನಗೆ ಸರಿಬರಲಿಲ್ಲ. ಮಗಳನ್ನು ಪಕ್ಕಕ್ಕೆ ಕರೆದೆ.

"ಅಜ್ಜಿ ಮೊಟ್ಟೆ ಒಡೀತಾರಾ ನೋಡ್ಕೊಂಡು ಬಾ ಪುಟ್ಟಿ. ಅವ್ರಿಗೆ ಹೇಳ್ಬೇಡ."

ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಮೈಸೂರಿನ ನಮ್ಮ ಮನೆಗೆ ಹೊಸ ಅಡುಗೆಯವರು ಬಂದಾಗಲೆಲ್ಲ ಸೋದರತ್ತೆ ನನ್ನನ್ನೂ ಹೀಗೆಯೇ ಕಾವಲಿಗೆ ಕಳಿಸುತ್ತಿದ್ದರು. ಸೌಟು ನೆಕ್ಕಿ ಸಾರು ಎಂಜಲು ಮಾಡಿದರೋ ಇಲ್ಲವೋ ಎಂದು ಹೋಗಿ ವರದಿ ಒಪ್ಪಿಸುವುದು ನನ್ನ ಕೆಲಸ.

ಶನಿವಾರ ಅಜ್ಜಿ ನಮ್ಮಿಬ್ಬರನ್ನೂ ಟೀಗೆ ಕರೆದರು. ಮೇಜಿನ ಮೇಲೆ ಸ್ಕೋನುಗಳು, ಅಂದರೆ ಅಂಗೈಯೊಳಗೆ ಹಿಡಿಸುವ, ಸಿಹಿ ಕಡಿಮೆಯ ದಪ್ಪ ಬನ್ನುಗಳು. ಪಕ್ಕದಲ್ಲಿ ಸ್ಟ್ರಾಬೆರಿ ಜ್ಯಾಮು ಮತ್ತು ಒಂದು ಬಟ್ಟಲು ಗಟ್ಟಿ ಕೆನೆ. ಅಂಥ ಕೆನೆ ಇಲ್ಲಿನ ಗ್ರೋಸರಿಯಲ್ಲಿ ಸಿಗದೆಂದು ಅವರೇ ಓವನ್ನಿನಲ್ಲಿ ಸಣ್ಣಗೆ ಕಾಯಿಸಿ ತೆಗೆದದ್ದಂತೆ. ಸ್ಕೋನನ್ನು ಎರಡು ಹೋಳು ಮಾಡಿ, ಮೊದಲು ಕೆನೆ ಬಳಿದು ಆಮೇಲೆ ಜ್ಯಾಮು ಹಾಕಿದರು.

"ನಮ್ಮ ಕಡೆ ಕೆನೆ ಮೊದಲು," ಎಂದರು. "ನಮ್ಮ ಯಜಮಾನರದ್ದು ಪಕ್ಕದ ಜಿಲ್ಲೆ, ಅಲ್ಲಿ ಜ್ಯಾಮು ಮೊದಲು. ಅವರು ಹೋಗೋವರೆಗೂ ಇದೇ ಜಗಳ."

ನನಗೆ ಬೇರೆಯದೇ ಹೊಳೆಯಿತು. ಜ್ಯಾಮಿನ ಅಡಿಯಲ್ಲಿ ಸ್ಕೋನು ಅಲ್ಪಸ್ವಲ್ಪ ಕಾಣುತ್ತದೆ. ಇಷ್ಟು ದಪ್ಪ ಕೆನೆ ಮೆತ್ತಿದರೆ ಏನು ಕಂಡೀತು? ಸ್ಕೋನಿನ ನೆತ್ತಿಯ ಮೇಲೆ ಹೊಳಪು ಬೇರೆ. ಮೊಟ್ಟೆ ಸವರದೆ ಆ ಹೊಳಪು ಎಲ್ಲಿಂದ ಬಂತು? ಅವರು ಕೆಟಲ್ ತರಲು ಎದ್ದಾಗ ನನ್ನ ಸ್ಕೋನನ್ನು ಮೂಸಿದೆ. ಬರೀ ಬೆಣ್ಣೆಯ ವಾಸನೆ. ಬೆಣ್ಣೆ ಎಂಥದ್ದನ್ನೂ ಮುಚ್ಚಿಹಾಕುತ್ತದೆ ಅಂದುಕೊಂಡೆ.

ಅಷ್ಟರಲ್ಲಿ ಮಗಳು ಜ್ಯಾಮು ಬಳಿದು, ಮೇಲೆ ಕೆನೆ ಗುಡ್ಡೆ ಹಾಕಿ ತಿನ್ನತೊಡಗಿದ್ದಳು. ಕೈ ಚೆನ್ನಾಗಿ ಪಳಗಿತ್ತು. ಅಂದರೆ ವಾರವೆಲ್ಲ ಇದು ನಡೆದಿದೆ.

"ಪುಟ್ಟಿ, ಇದನ್ನ ಮೊದ್ಲೇ ತಿಂದಿದ್ಯಾ?"

"ಯೆಸ್ ಅಮ್ಮ," ಎಂದು ಅವಳು ಇಂಗ್ಲಿಷಿನಲ್ಲೇ ಶುರುಮಾಡಿದಳು. "ನೋ ಎಗ್. ಐ ವಾಚ್ಡ್ ಎವ್ರಿ ಡೇ, ಲೈಕ್ ಯೂ ಟೋಲ್ಡ್ ಮಿ."

ಅಜ್ಜಿ ಕೆಟಲನ್ನು ಮೇಜಿನ ಮೇಲಿಟ್ಟರು.

"ಹಾಲಲ್ಲಿ ಕಲಸಿದ್ದು. ಮೇಲೆ ಸವರಿದ್ದೂ ಹಾಲೇ," ಎಂದರು. "ಅನುಮಾನ ಇದ್ದರೆ ನೀವೇ ಬನ್ನಿ, ಡಬ್ಬಿ ಡಬ್ಬಿ ತೆಗೆದು ನೋಡಿ. ಮಗೂನ ಕಳಿಸಬೇಡಿ. ಆಟ ಬಿಟ್ಟು ದಿನಾ ಬಂದು ಒಲೆ ಹತ್ತಿರ ನಿಲ್ಲೋಳು. ನನ್ನ ಕಂಡರೆ ಭಯವೇನೋ ಅಂದ್ಕೊಂಡಿದ್ದೆ."

ತಪ್ಪಾಯಿತು ಎಂದೆ. ಕೆಲಸವೂ ಹೋಯಿತು ಎಂದುಕೊಳ್ಳುತ್ತಿದ್ದಾಗ ಅವರು ಟೀ ಬಗ್ಗಿಸುತ್ತ, ಸೋಮವಾರ ಎಂಟಕ್ಕೆ ಕರೆತನ್ನಿ ಎಂದರು.

ಸೋಮವಾರ ಬೆಳಿಗ್ಗೆ ಮಗಳಿಗೆ, "ಇನ್ಮೇಲೆ ಏನೂ ನೋಡ್ಬೇಡ, ಆಟ ಆಡ್ಕೊಂಡಿರು," ಎಂದು ಹೇಳಿ ಬಿಟ್ಟುಬಂದೆ. ಸಂಜೆ ಆಫೀಸಿನಿಂದ ನೇರ ಅಲ್ಲಿಗೆ ಹೋದೆ. ಮಗಳನ್ನು ಕಾರಿಗೆ ಹತ್ತಿಸುವಾಗ ಅಜ್ಜಿ ಬಾಗಿಲಲ್ಲಿ ನಿಂತು ಕೈಬೀಸುತ್ತಿದ್ದರು. ಮಗಳೂ ನಗುತ್ತ ಅವರಿಗೆ ಕೈಬೀಸಿದಳು. ಕಾರಿನ ಬಾಗಿಲು ಹಾಕಿದ ಮೇಲೆ ನನ್ನ ಕಿವಿಯ ಹತ್ತಿರ ಬಂದು, ನಾನು ಏನೂ ಕೇಳದಿದ್ದರೂ, "ನೋ ಎಗ್ ಟುಡೇ," ಎಂದು ಪಿಸುಗುಟ್ಟಿದಳು.