ಬೋರಣ್ಣ ಮಾವ ಕೂಗಲಿಲ್ಲ

ಅವತ್ತು ಕುರಿಗಳನ್ನು ರಸ್ತೆಗೆ ಕರೆದವನು ನಾನು. ಬೋರಣ್ಣ ಮಾವನಲ್ಲ, ನಾನು. ತಳಕು ದಾಟಿದ ಮೇಲೆ ಬರುವ ಹುಣಸೆಮರದ ಹತ್ತಿರ, ಮಟಮಟ ಮಧ್ಯಾಹ್ನದಲ್ಲಿ, ಅವನ ದನಿಯನ್ನು ನನ್ನ ಗಂಟಲಲ್ಲಿ ಹೊರಡಿಸಿ ಕರೆದೆ. ಕುರಿಗಳು ಬಂದವು. ಲಾರಿಯೂ ಬಂತು. ಆಮೇಲೆ ಅವನು ನನ್ನನ್ನು ಒಂದೇ ಒಂದು ಮಾತು ಕೇಳಿದ. ಅದಕ್ಕೆ ಸುಳ್ಳು ಹೇಳಿದೆ. ಆ ಸುಳ್ಳನ್ನು ನಂಬಿಕೊಂಡು ಅವನು ವರ್ಷಗಟ್ಟಲೆ ಬದುಕಿದ — ಅದನ್ನು ಬದುಕು ಅನ್ನಬಹುದೋ ಇಲ್ಲವೋ, ಅದನ್ನು ಹೇಳುವ ಬಾಯಿ ನನ್ನದಲ್ಲ.

ನಾನು ತಿಪ್ಪೇಶ. ಚಳ್ಳಕೆರೆ–ಮೊಳಕಾಲ್ಮೂರು ನಡುವೆ ಬಾಡಿಗೆ ಜೀಪು ಓಡಿಸುತ್ತೇನೆ. ಈ ದಾರಿಯವರಿಗೆ ನಾನು ಡ್ರೈವರ್ ಅನ್ನುವುದಕ್ಕಿಂತ ಅಣಕದವನು ಅಂತಲೇ ಹೆಚ್ಚು ಪರಿಚಯ. ಹೆಡ್ ಮಾಸ್ತರು ಬೈಯುವ ಮುಂಚೆ ಮೂಗು ಏರಿಸುವುದು, ಚಳಿಯಲ್ಲಿ ಸ್ಟಾರ್ಟ್ ಆಗಲೊಲ್ಲದ ಸರ್ಕಾರಿ ಬಸ್ಸು ಗೊರಗುಟ್ಟುವುದು, ಸೀಮೆಎಣ್ಣೆ ಖಾಲಿ ಎಂದು ಹೇಳುವಾಗ ರೇಷನ್ ಅಂಗಡಿಯವರ ಮುಖದಲ್ಲಿ ಮೂಡುವ ಸಂತೋಷ — ಎಲ್ಲವೂ ನನಗೆ ಬರುತ್ತದೆ. ಹೆಣ್ಣು ನೋಡಲು ಹೋದ ಮನೆಯಲ್ಲಿ ಹುಡುಗಿಯ ಅಪ್ಪ ಉಪ್ಪಿಟ್ಟು ತಿಂದು ತೇಗಿದ್ದನ್ನು ಜೀಪು ಹತ್ತುವ ಮೊದಲೇ ಮಾಡಿ ತೋರಿಸಿದೆ. ಅವರು ನನ್ನ ಹಿಂದೆಯೇ ನಿಂತಿದ್ದರು. ಮದುವೆ ಇನ್ನೂ ಆಗಿಲ್ಲ. ಪೊಲೀಸಿನವರು ಕೈ ಅಡ್ಡ ಹಿಡಿದಾಗ ನನ್ನ ದನಿ ಹೇಗೆ ಕೋಳಿಮರಿಯ ದನಿಯಾಗುತ್ತದೆ ಎಂಬುದನ್ನೂ ಪ್ಯಾಸೆಂಜರುಗಳಿಗೆ ಮಾಡಿ ತೋರಿಸಿದ್ದೇನೆ. ನಗುತ್ತಾರೆ. ಜನ ನಕ್ಕರೆ ನನಗೆ ಬೇರೇನೂ ಕಾಣುವುದಿಲ್ಲ — ನನ್ನ ಕೇಡೇ ಅದು.

ಬೋರಣ್ಣ ಮಾವ ನಮ್ಮ ಅವ್ವನ ಅಣ್ಣ. ಕುರಿಯವನು. ಶೇಂಗಾ ಕಿತ್ತು ನಮ್ಮ ಕಡೆಯ ಹೊಲಗಳು ಬರಿದಾದ ಮೇಲೆ ಹಟ್ಟಿಯ ನಾಲ್ಕಾರು ಮನೆಯವರು ಕುರಿಗಳನ್ನು ಒಟ್ಟುಗೂಡಿಸಿ ಹೊರಡುತ್ತಾರೆ. ಮೊಳಕಾಲ್ಮೂರಿನ ಬಂಡೆಗುಡ್ಡಗಳ ಕೆಳಗಿನಿಂದ ಹಾನಗಲ್, ತಳಕು, ಚಳ್ಳಕೆರೆ ದಾಟಿ ನೀರಾವರಿ ಸೀಮೆಯವರೆಗೂ ನಡಿಗೆ. ರಾತ್ರಿ ಯಾರದಾದರೂ ಹೊಲದಲ್ಲಿ ಮಂದೆ ನಿಲ್ಲಿಸುತ್ತಾರೆ. ಹೊಲಕ್ಕೆ ಗೊಬ್ಬರ, ಇವರಿಗೆ ಕಾಳು. ಮಳೆಗಾಲ ಹತ್ತಿರವಾದಾಗ ಅದೇ ದಾರಿಯಲ್ಲಿ ವಾಪಸು.

ಲಾರಿ ಬಸ್ಸು ಓಡಾಡುವ ಈ ರಸ್ತೆಯಲ್ಲಿ ಕುರಿ ದಾಟಿಸುವುದೇ ದೊಡ್ಡ ಕೆಲಸ. ಮಾವ ರಸ್ತೆಯ ನಡುವೆ ನಿಂತು ಎರಡೂ ಕಡೆ ನೋಡುತ್ತಿದ್ದ. ಆಮೇಲೆ ನಾಲಗೆಯನ್ನು ಅಂಗುಳಕ್ಕೆ ಒತ್ತಿ ಉರುಳಿಸಿ ಒಂದು ದನಿ ಮಾಡುತ್ತಿದ್ದ, ಅದರ ಬೆನ್ನಿಗೇ ಒಂದು ಉದ್ದ ಕೂಗು. ಆ ಕೂಗು ದಾಟಿಸುವುದಕ್ಕೆ ಮಾತ್ರ. ಅದು ಕೇಳುವ ತನಕ ಒಂದು ಮರಿಯೂ ರಸ್ತೆಗೆ ಕಾಲಿಡುತ್ತಿರಲಿಲ್ಲ. ಕೇಳಿದ ಮೇಲೆ ಒಂದೂ ನಿಲ್ಲುತ್ತಿರಲಿಲ್ಲ. ಜೊತೆಯವರ ಕುರಿಗಳನ್ನೂ ದಾಟಿಸುತ್ತಿದ್ದವನು ಅವನೇ. ಚಿಕ್ಕವನಿದ್ದಾಗ ನಾನು ಅದನ್ನು ಅಣಕಿಸಲು ಬಾಯಿ ತೆರೆದಿದ್ದೆ. ಯಾವತ್ತೂ ಗದರದವನು ಅವತ್ತು ಕೈ ಹಿಡಿದು ಕೂರಿಸಿದ್ದ. "ನನ್ನ ನಡಿಗಿ ಆಡ್ಕೋ, ನನ್ನ ಬೊಕ್ಕಬಾಯಿ ಆಡ್ಕೋ. ಇದೊಂದು ಬ್ಯಾಡ ಕಣ್ಲೇ. ಕುರಿಗೆ ಮುಖ ತಿಳಿಯಲ್ಲ, ದನಿ ತಿಳೀತೈತೆ." ಹೂಂ ಅಂದಿದ್ದೆ. ಆಮೇಲೆ ಜಾಲಿಗಿಡಗಳ ಮರೆಯಲ್ಲಿ ಒಬ್ಬನೇ ಕೂತು ಅದನ್ನು ಕಲಿತೆ. ಸುಮ್ಮನೆ ಕಲಿತೆ — ಬೇಡ ಅಂದಿದ್ದರು, ಅದಕ್ಕೆ.

ಆ ದಿನ ಮೊಳಕಾಲ್ಮೂರಿಗೆ ಖಾಲಿ ಜೀಪು ತರುತ್ತಿದ್ದೆ. ಇಂಜಿನ್ ಕಾದಿತ್ತು. ಹುಣಸೆಮರದ ಪಕ್ಕದ ಬೋರಿಂಗಿನಲ್ಲಿ ನೀರು ಹಿಡಿಯೋಣವೆಂದು ನಿಲ್ಲಿಸಿದೆ. ಮರದ ಕೆಳಗೆ ಮಾವ ಟವೆಲು ಹಾಸಿಕೊಂಡು ಮಲಗಿದ್ದ. ಜೊತೆಯವರು ಮಂದೆಗೆ ಹೊಲ ಕೇಳಲು ಮುಂದಿನ ಊರಿಗೆ ಹೋಗಿದ್ದರು. ಕುರಿಗಳು ರಸ್ತೆಯ ಆಚೆ ಕಿತ್ತ ಶೇಂಗಾ ಹೊಲದಲ್ಲಿ ಮೇಯುತ್ತಿದ್ದವು. ಮಾವ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ, ಅದೂ ಎರಡು ತಾಳದಲ್ಲಿ. ನನಗೆ ನಗು. ಅವನನ್ನು ಅವನ ದನಿಯಿಂದಲೇ ಎಬ್ಬಿಸಿದರೆ ಹೇಗಿರುತ್ತದೆ! ಎದ್ದು, ಕೂಗಿದ್ದು ಯಾರು ಅಂತ ತನ್ನನ್ನೇ ತಾನು ಹುಡುಕುತ್ತಾನಲ್ಲ — ಇಷ್ಟೇ ನನ್ನ ತಲೆಯಲ್ಲಿದ್ದದ್ದು. ಆಚೆ ಕುರಿಗಳಿವೆ ಎಂದು ಕಣ್ಣಿಗೆ ಕಾಣುತ್ತಿತ್ತು. ಕಣ್ಣಿಗೆ ಕಂಡದ್ದು ಅಲ್ಲೇ ನಿಂತಿತು, ತಲೆಗೆ ಹೋಗಲಿಲ್ಲ.

ಕೂಗಿದೆ. ಅಷ್ಟು ಚೆನ್ನಾಗಿ ನಾನು ಇನ್ನು ಯಾವ ದನಿಯನ್ನೂ ಮಾಡಿಲ್ಲ.

ಕುರಿಗಳು ತಲೆ ಎತ್ತಿದವು, ಒಟ್ಟಾಗಿ ಹೊರಟವು. ಅನುಮಾನವೇ ಇಲ್ಲದ ನಡಿಗೆ. ಬಳ್ಳಾರಿ ಕಡೆಯಿಂದ ಬಂದ ಲಾರಿಯವನು ಬ್ರೇಕ್ ಒತ್ತಿದ, ಆದರೂ — ಎಷ್ಟು ಸತ್ತವೆಂದು ಇಲ್ಲಿ ಬರೆಯಲಾರೆ. ಎಣಿಸಿದವನು ಮಾವ. ಗಬ್ಬದ ಕುರಿಗಳೂ ಇದ್ದವು. ಲಾರಿಯವನು ಇಳಿದು ಬಂದು, "ನಿದ್ರಪೋತುನ್ನಾವಾ ತಾತಾ?" — ನಿದ್ದೆ ಹೊಡೀತಿದ್ದೀಯಾ ಅಜ್ಜ — ಎಂದು ತೆಲುಗಿನಲ್ಲಿ ಕೂಗಾಡಿದ. ಲಾರಿಯ ಸದ್ದಿಗೆ ಎಚ್ಚರಾಗಿ ಓಡಿ ಬಂದು ಸತ್ತ ಕುರಿಗಳ ನಡುವೆ ಕೂತಿದ್ದ ಮಾವ ಕೈಯೆಲ್ಲ ರಕ್ತ ಮಾಡಿಕೊಂಡು ಎದ್ದು ನಿಂತ, ನನ್ನ ಕಡೆ ತಿರುಗಿದ.

"ತಿಪ್ಪ, ನಾನು ಕೂಗಿದ್ನೇನ್ಲೇ?"

"ಹೂಂ ಮಾವ. ನಿದ್ದೆಗಣ್ಣಾಗೆ ಕೂಗಿದೆ."

ಹೆದರಿಕೆಯಿಂದ ಹಾಗೆ ಹೇಳಿದೆ ಅಂದರೆ ಅದು ನೆಪವಾಗುತ್ತದೆ. ಅವನ ಪ್ರಶ್ನೆಯೊಳಗೇ ನನಗೊಂದು ಬಾಗಿಲು ಇತ್ತು, ನಾನು ತೂರಿಕೊಂಡೆ. ಅಷ್ಟೇ.

ಅದಾದ ಮೇಲೆ ನಡೆದದ್ದೆಲ್ಲ ಸದ್ದಿಲ್ಲದೆ ನಡೆಯಿತು. ಯಾರೂ ಅವನನ್ನು ಬೈಯಲಿಲ್ಲ. ಮುಂದಿನ ಸಲ ಹೊರಡುವಾಗ ಜೊತೆಯವರು ಮೆತ್ತಗೆ, ಈ ವರ್ಷ ನೀನು ಮನೆಯಲ್ಲೇ ಇರು ಅಣ್ಣ, ಅಂದರು. ನಿದ್ದೆಯಲ್ಲಿ ಕೂಗುವವನನ್ನು ಕಟ್ಟಿಕೊಂಡು ರಸ್ತೆ ದಾಟಲು ಯಾರಿಗೆ ಧೈರ್ಯ? ಉಳಿದ ಕುರಿಗಳನ್ನು ಅವನ ಮಗಳು ಪಾಲಮ್ಮ ಸಂತೆಗೆ ಹೊಡೆಸಿ ಮಾರಿಸಿದಳು. ಅವನ ಮೇಲಿನ ಅಕ್ಕರೆಯಿಂದಲೇ ಮಾರಿಸಿದಳು. ಮಂದೆ ನಿಲ್ಲಿಸಲು ಹೊಲ ಕೊಡುತ್ತಿದ್ದ ಊರುಗಳಲ್ಲೂ ಸುದ್ದಿ ಹಬ್ಬಿತು — ಬೋರಣ್ಣನ ತಲೆ ಕೆಟ್ಟಿದೆಯಂತೆ, ಪಾಪ. ಅವನು ರಾತ್ರಿ ಬಾಯಿಗೆ ಟವೆಲು ಕಟ್ಟಿಕೊಂಡು ಮಲಗತೊಡಗಿದ, ನಿದ್ದೆಯಲ್ಲಿ ಬಾಯಿ ಬಿಟ್ಟರೆ ಯಾರ ಕುರಿ ಎದ್ದು ಹೋಗುತ್ತವೋ ಎಂದು. ಒಮ್ಮೆ ಚಹಾ ಅಂಗಡಿಯ ಮುಂದೆ ನಾನು ಅದನ್ನೂ ಮಾಡಿ ತೋರಿಸಿದೆ. ಎಲ್ಲರೂ ನಕ್ಕರು.

ನನ್ನ ಜೀಪಿನ ಗಾಜಿನ ಮೇಲೆ ಘಟ್ಟದ ರಸ್ತೆಯ ಒಂದು ಕ್ಯಾಲೆಂಡರ್ ಚಿತ್ರ ಅಂಟಿಸಿದ್ದೆ. ಮಂಜು, ತಿರುವು, ಪಕ್ಕದಲ್ಲೇ ಪ್ರಪಾತ. ಜೀವಮಾನದಲ್ಲಿ ಒಂದು ಸಲವಾದರೂ ಹೋಗಬೇಕಾದ ದಾರಿ ಇದು, ಅಂತ ಪ್ಯಾಸೆಂಜರುಗಳ ಮುಂದೆ ಕೊಚ್ಚಿಕೊಳ್ಳುತ್ತಿದ್ದೆ, ನಾನೇ ನೋಡಿರಲಿಲ್ಲ. ಮರುವರ್ಷ ಕಾರ್ತಿಕದಲ್ಲಿ ಒಂದು ದಿನ ಮಾವ ಆ ಚಿತ್ರವನ್ನು ಬಹಳ ಹೊತ್ತು ನೋಡಿದ. ನನ್ನೊಳಗೆ ಕಚ್ಚುತ್ತಿದ್ದದ್ದಕ್ಕೆ ಒಂದು ದಾರಿ ಸಿಕ್ಕಿತೆನಿಸಿ, ನಿನ್ನ ಅಲ್ಲಿಗೆ ಕರಕೊಂಡು ಹೋಗ್ತೀನಿ ಅಂದೆ. ಅವನು ತಲೆ ಅಲ್ಲಾಡಿಸಿದ.

"ಅದ್ಯಾಕೆ? ನಮ್ ದಾರಿನೇ ತೋರ್ಸು. ಇಷ್ಟು ವರ್ಷ ನಡದೀನಿ, ಒಂದಿನಾನೂ ನೋಡಿಲ್ಲ. ನೋಡಿದ್ದೆಲ್ಲಾ ಬರೀ ಕುರಿ ಬಾಲ."

ಬೆಳಿಗ್ಗೆ ಹೊರಟೆವು, ನಾನೂ ಅವನೂ ಇಬ್ಬರೇ. ಮೊಳಕಾಲ್ಮೂರು ಬಿಟ್ಟಾಗ ಎಳೆಬಿಸಿಲು ಬಂಡೆಗುಡ್ಡಗಳ ಮೇಲೆ ಇಳಿಯುತ್ತಿತ್ತು. ಮಳೆ ಆಗಿದ್ದರಿಂದ ಬಂಡೆಯ ಸಂದಿಸಂದಿಯಲ್ಲೂ ಹಸಿರು. ಒಂದರ ಮೇಲೊಂದು ಕೂತ ಆ ಗುಂಡುಗಳನ್ನು ನೋಡಿ ಮಾವ, ಇವು ಮೊದಲಿಂದಲೂ ಹಿಂಗೇ ಇದ್ವಾ ಅಂತ ಕೇಳಿದ. ನಾನು ಪ್ರವಾಸಿ ಬಸ್ಸಿನ ಗೈಡಿನ ದನಿ ತೆಗೆದೆ — ಮಹನೀಯರೇ, ಎಡಗಡೆ ಬಂಡೆ, ಬಲಗಡೆ ಬಂಡೆ, ನಡುವೆ ತಮ್ಮ ಬಂಡ ಡ್ರೈವರ್ರು. ಕೆಮ್ಮು ಬರುವಷ್ಟು ನಕ್ಕ. ಗುಡ್ಡಗಳು ಹಿಂದಕ್ಕೆ ಸರಿದು ಬಯಲು ಒಮ್ಮೆಲೇ ತೆರೆದುಕೊಂಡಿತು. ಕೆಂಪು ನೆಲ, ಕಿತ್ತು ಹಾಕಿದ ಶೇಂಗಾ ಬಳ್ಳಿಯ ಗುಪ್ಪೆಗಳು, ದೂರದಲ್ಲಿ ಕೆರೆಯೊಂದರ ಬೆಳ್ಳನೆ ನೀರು, ಆಕಾಶಕ್ಕೆ ಎಲ್ಲೂ ಗೋಡೆಯಿಲ್ಲ. ನಾನು ದಿನಾ ಎರಡು ಸಲ ಓಡಿಸುವ ರಸ್ತೆ ಅದು. ನಾನೂ ನೋಡಿರಲಿಲ್ಲ. ನಿಧಾನ ಮಾಡಿದರೆ, ಜೋರಾಗಿ ಬಿಡು ಗಾಳಿ ಬರ್ಲಿ, ಅನ್ನುವನು. ಜೋರು ಮಾಡಿದರೆ, ನಿಧಾನ, ಓಡಿ ಹೋಗ್ತೈತೆ, ಅನ್ನುವನು. ಚಳ್ಳಕೆರೆ ಹತ್ತಿರವಾದಾಗ ಹುಲ್ಲುಗಾವಲಿನ ಕಡೆ ಒಂದಿಷ್ಟು ತಿರುಗಿಸಿದೆ. ಹಣ್ಣಾದ ಹುಲ್ಲಿನ ಮೇಲೆ ಗಾಳಿ ಕೈಯಾಡಿಸಿಕೊಂಡು ಹೋಗುತ್ತಿತ್ತು. ಮಾವ ಕಿಟಕಿಯಿಂದ ತಲೆ ಹೊರಗಿಟ್ಟು ಮಗುವಿನ ಹಾಗೆ ಕೂತಿದ್ದ. ಅವನನ್ನು ಅಷ್ಟು ಸಂತೋಷದಲ್ಲಿ ನಾನು ಅದಕ್ಕೂ ಮುಂಚೆ ಕಂಡಿಲ್ಲ, ಆಮೇಲೂ ಕಂಡಿಲ್ಲ.

ವಾಪಸು ಬರುವಾಗ ಯಾರದೋ ಹಿಂಡು ರಸ್ತೆಯಂಚಿನಲ್ಲಿ ದಾಟಲು ನಿಂತಿತ್ತು. ಜೀಪು ನಿಲ್ಲಿಸಿದೆ. ಪಕ್ಕಕ್ಕೆ ನೋಡಿದರೆ — ಮಾವ ಟವೆಲಿನಿಂದ ತನ್ನ ಬಾಯಿಯನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದ. ಕೊನೆಯ ಕುರಿ ದಾಟುವ ತನಕ ಉಸಿರೂ ಬಿಡಲಿಲ್ಲ.

ಹುಣಸೆಮರ ಬಂತು. ನಿಲ್ಲಿಸು ಅಂದ. ಇಳಿಯಲಿಲ್ಲ. ಕೂತಲ್ಲಿಂದಲೇ ಕೇಳಿದ:

"ಎಲ್ಲಾರ್ನೂ ಆಡ್ಕೊಂತೀಯಲ್ಲ, ಅವತ್ತು ನಾನು ಹೆಂಗೆ ಕೂಗಿದೆ, ಒಂದ್ಸಲ ಕೂಗಿ ತೋರ್ಸು. ನನ್ ಕಿವಿಗೆ ಬಿದ್ರೆ ಗೊತ್ತಾಗ್ತೈತೆ. ನನ್ ಕೂಗು ನಂಗೆ ತಿಳಿಯಲ್ವಾ?"

ನಾಲಗೆ ಅಂಗುಳದ ಹತ್ತಿರ ಹೋಗಿತ್ತು, ನಿಜ. ಒಂದು ಕೂಗು — ಅಷ್ಟರಲ್ಲಿ ಅವನಿಗೆ ಎಲ್ಲ ತಿಳಿದುಬಿಡುತ್ತಿತ್ತು. ಅವನು ತನಗೆ ತಾನೇ ವಾಪಸು ಸಿಕ್ಕುತ್ತಿದ್ದ.

"ಅದೊಂದು ನಂಗೆ ಬರಲ್ಲ ಮಾವ," ಅಂದೆ.

ಅವನು ನನ್ನ ಬೆನ್ನು ತಟ್ಟಿದ. ಸಣ್ಣೋನಿದ್ದಾಗ ಬ್ಯಾಡ ಅಂದಿದ್ದೆ, ಮಾತು ಉಳಿಸ್ಕೊಂಡೀಯ, ಅಂದ. ಮೊದಲ ಸುಳ್ಳಿಗಿಂತ ಆ ಎರಡನೆಯದು ನನ್ನನ್ನು ಹೆಚ್ಚು ತಿಂದಿದೆ. ಮೊದಲನೆಯದನ್ನು ಗಾಬರಿಯಲ್ಲಿ ಹೇಳಿದೆ ಎಂದಾದರೂ ನನ್ನನ್ನು ನಾನು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಎರಡನೆಯದನ್ನು ಯೋಚಿಸಿ ಹೇಳಿದ್ದೆ, ಅವನ ಕೈ ನನ್ನ ಬೆನ್ನ ಮೇಲೆ ಇದ್ದಾಗಲೂ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ವರ್ಷಗಳು ಹೋದವು. ಕಳೆದ ತಿಂಗಳು ಪಾಲಮ್ಮ ಜೀಪು ಬೇಕು ಅಂದಳು. ಅಪ್ಪನನ್ನು ಬಳ್ಳಾರಿಗೆ ತಲೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಂತೆ. ಅವನೇ ಹಟ ಹಿಡಿದಿದ್ದನಂತೆ — ನಿದ್ದೆಯಲ್ಲಿ ಕೂಗುವ ರೋಗ ವಾಸಿಯಾಗದೆ ಸಾಯಲಾರೆ ಎಂದು. ಅವಳಿಗೆ ಮನೆಯಲ್ಲಿ ಕೆಲಸವಿತ್ತು, ನೀನಿದ್ದೀಯಲ್ಲ, ಅಂದಳು. ನಾನು ಇದ್ದೆ.

ರಾಂಪುರ ಬರುವ ತನಕ ಅವನು ಡಾಕ್ಟರಿಗೆ ಏನು ಹೇಳಬೇಕೆಂದು ನನ್ನ ಮುಂದೆ ಅಭ್ಯಾಸ ಮಾಡುತ್ತಿದ್ದ. ಯಾವಾಗ ಶುರುವಾಯಿತು ಅಂತ ಕೇಳಿದರೆ ಹುಣಸೆಮರದ ವಿಷಯ ನೀನೇ ಹೇಳು, ನೀನು ನೋಡಿದವನು, ಅಂದ. ರಾಂಪುರದ ಬಸ್ ನಿಲ್ದಾಣ ದಾಟಿ ಜೀಪು ಪಕ್ಕಕ್ಕೆ ಹಾಕಿದೆ. ಯಾರ ದನಿಯಲ್ಲಿ ಹೇಳಲಿ ಎಂದು ಹುಡುಕಿದೆ, ಒಂದೂ ಸಿಗಲಿಲ್ಲ. ತೊದಲುತ್ತಲೇ ಹೇಳಿದೆ. ಕೂಗಿದವನು ನಾನು. ನೀನು ನಿದ್ದೆ ಮಾಡ್ತಿದ್ದೆ ಅಷ್ಟೇ. ನಿನಗೆ ಯಾವ ರೋಗವೂ ಇಲ್ಲ.

ಅವನು ಹೊಡೆಯಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಎದುರಿನ ರಸ್ತೆ ನೋಡುತ್ತ ಕೇಳಿದ:

"ಅಂದ್ರೆ ನಾನು ಕೂಗ್ಲಿಲ್ಲ?"

"ಇಲ್ಲ ಮಾವ."

"ಜೀಪು ತಿರುಗ್ಸು."

ಮನೆ ಮುಂದೆ ಇಳಿದವನು ಪಾಲಮ್ಮನನ್ನು ಕರೆದ. ಇವಳಿಗೂ ಹೇಳು ಅಂದ. ಹೇಳಿದೆ. ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡು ಒಳಗೆ ಹೋದಳು; ನಾನು ಮಾರಿಸಿದೆ, ನಾನು ಮಾರಿಸಿದೆ ಎನ್ನುವುದು ಹೊರಗೆ ಕೇಳುತ್ತಿತ್ತು. ಆಮೇಲೆ ಅವನು ನನ್ನ ತೋಳು ಹಿಡಿದು ಹಟ್ಟಿಯ ಮನೆಮನೆಗೂ ನಡೆಸಿದ. ತನ್ನ ಜೊತೆ ಕುರಿ ಹೊಡೆದುಕೊಂಡು ನಡೆದಿದ್ದ ಪ್ರತಿಯೊಬ್ಬರ ಬಾಗಿಲಲ್ಲೂ ನಿಲ್ಲಿಸಿ, ಹೇಳು, ಅಂದ. ಯಾರೂ ನಗಲಿಲ್ಲ. ಒಬ್ಬ ಮುದುಕ ಮಾತ್ರ, ಅವನನ್ನ ಬಿಟ್ಟು ಹೋದ್ವಲ್ಲೋ ಎಂದು ಅಲ್ಲೇ ಕುಸಿದು ಕೂತ.

ಕ್ಷಮಿಸಿದೆ ಎಂದು ಮಾವ ಹೇಳಿಲ್ಲ. ನಾನು ಕೇಳಿಲ್ಲ. ಹೋದ ಕುರಿಗಳು, ನಡೆಯದೆ ಹೋದ ವರ್ಷಗಳು, ಬಾಯಿ ಕಟ್ಟಿಕೊಂಡು ಮಲಗಿದ ರಾತ್ರಿಗಳು — ಇವಕ್ಕೆ ಬದಲಾಗಿ ಕೊಡಲು ನನ್ನ ಹತ್ತಿರ ಏನೂ ಇಲ್ಲ. ಕೊನೆಯ ಬಾಗಿಲಿನಿಂದ ತಿರುಗಿ ಬರುವಾಗ ಅವನು ಒಂದೇ ಕೆಲಸ ಹೇಳಿದ. ಹಟ್ಟಿಗೆ ಗೊತ್ತಾಯಿತು, ಹೊಲ ಕೊಡುತ್ತಿದ್ದ ಊರುಗಳಿಗೆ ಗೊತ್ತಾಗುವುದು ಹೇಗೆ? ಅಷ್ಟು ದೂರ ಈಗ ನಡೆಯಲು ಆಗುವುದಿಲ್ಲ, ನೀನು ಬರಿ, ಅಂದ.

ಅದಕ್ಕೇ ಬರೆದೆ. ತಳಕಿನಿಂದ ಆಚೆ, ಚಳ್ಳಕೆರೆಯಿಂದ ಆಚೆ, ಬೋರಣ್ಣನ ಮಂದೆ ನಿಮ್ಮ ಹೊಲದಲ್ಲಿ ಒಂದು ರಾತ್ರಿಯಾದರೂ ನಿಂತಿದ್ದರೆ, ಓದಲು ಬಾರದ ನಿಮ್ಮ ಹಿರಿಯರಿಗೆ ಇದನ್ನು ಓದಿ ಹೇಳಿ. ಅವನ ತಲೆ ಯಾವತ್ತೂ ಕೆಟ್ಟಿರಲಿಲ್ಲ. ನನ್ನ ಹೆಸರನ್ನು ಬಿಡದೆ ಹೇಳಿ.