ತುಪ್ಪದನ್ನ ಮತ್ತು ಕಾಡುಗಿಳಿ

ನ್ಯೂಜಿಲೆಂಡಿನಲ್ಲಿ ಮರಕುಟಿಗ ಇಲ್ಲ. ಅದರ ಕೆಲಸವನ್ನು ಇಲ್ಲಿ ಒಂದು ಕಂದು ಕಾಡುಗಿಳಿ ಮಾಡುತ್ತದೆ. ತೊಗಟೆ ಸಿಗಿದು ಹುಳ ತಿನ್ನುತ್ತದೆ. ಇದನ್ನು ನನಗೆ ಹೇಳಿದವರು ಪಾಮರ್ಸ್ಟನ್ ನಾರ್ತ್‌ನ ನಮ್ಮ ಪಕ್ಕದ ಮನೆಯ ಅಂಕಲ್. ಪ್ರತಿ ಚಳಿಗಾಲ ಹಿತ್ತಲಲ್ಲಿ ಕೂತು ಹಕ್ಕಿ ಎಣಿಸುವುದು ಅವರ ವ್ರತ. ಮೊದಲೆಲ್ಲ ಬರೀ ಗುಬ್ಬಿಗಳಂತೆ. ಊರಾಚೆಯ ಕಾಡಿನಲ್ಲಿ ಇಲಿಬೋನು ಇಟ್ಟ ಮೇಲೆ ಹಾಡುಹಕ್ಕಿಗಳು ಹೆಚ್ಚಿದವು, ಆಮೇಲೆ ಗಿಳಿಗಳೂ. ನಮ್ಮ ಬೀದಿಗೆ ಮಾತ್ರ ಒಂದು ಗಿಳಿಯೂ ಬಂದಿರಲಿಲ್ಲ. ಕಣ್ಣು ಪೂರ್ತಿ ಮಂಜಾಗುವ ಮುಂಚೆ ಇಲ್ಲೇ ಒಂದನ್ನು ನೋಡಬೇಕೆಂಬುದು ಅವರ ಆಸೆ.

ಅದಕ್ಕೆ ಅಡ್ಡ ಬಂದದ್ದು ನನ್ನಮ್ಮ! ಅಪ್ಪ ಹೋದ ಮೇಲೆ ಮೈಸೂರಿನಿಂದ ನನ್ನ ಜೊತೆಗಿರಲು ಬಂದವಳು, ದಿನಾ ತಾನು ಉಣ್ಣುವ ಮುಂಚೆ ಅಪ್ಪನ ಹೆಸರಲ್ಲಿ ಬೇಲಿಯ ಮೇಲೆ ತುಪ್ಪದನ್ನ ಇಡುತ್ತಿದ್ದಳು.

"ಇಲ್ಲಿ ಕಾಗೆ ಇಲ್ಲಮ್ಮಾ."

"ಯಾವ್ದೋ ಒಂದು ಬರತ್ತೆ ಬಿಡೇ, ನಿಂಗೇನು?"

ಬಂದದ್ದು ಇಲಿ. ಅಂಕಲ್ ಒಂದು ಮಧ್ಯಾಹ್ನ ಕರೆದು ತೋರಿಸಿದರು. ಅವರು ಹಿತ್ತಲಲ್ಲಿಟ್ಟಿದ್ದ ಇಲಿಬೋನಿನಲ್ಲಿ ಆಮಿಷದ ಕಡಲೆಕಾಯಿ ಬೆಣ್ಣೆ ಹಾಗೇ ಇತ್ತು. ದಢೂತಿ ಇಲಿ ನಮ್ಮ ಬೇಲಿಯ ಮೇಲೆ ಉಣ್ಣುತ್ತಿತ್ತು. ತುಪ್ಪದನ್ನ ಬಿಟ್ಟು ಅದ್ಯಾವ ಇಲಿ ಬೋನಿಗೆ ಹೋದೀತು? ಇಲಿ ಇದ್ದಲ್ಲಿ ಗೂಡಿನ ಮೊಟ್ಟೆ ಉಳಿಯುವುದಿಲ್ಲ, ದಯವಿಟ್ಟು ಅನ್ನ ನಿಲ್ಲಿಸಿ ಎಂದರು. ನನಗೆ ಮೈಯೆಲ್ಲ ಉರಿಯಿತು. ಅಮ್ಮನಿಗೆ ಹೇಳಬೇಕಾದವಳು ನಾನು ತಾನೇ, ನನ್ನ ಕರ್ಮ!

"ನಿಮ್ಮಪ್ಪನ ಊಟಾನ ಇಲಿ ತಿಂತಿತ್ತಾ?" ಎಂದು ಅಮ್ಮ ಅತ್ತೇಬಿಟ್ಟಳು. ಅವತ್ತು ಅವಳೂ ಉಣ್ಣಲಿಲ್ಲ. ನನಗೆ ಸಂಕಟವಾಯಿತು. ಸಂಜೆ ನನ್ನ ಕೈ ಹಿಡಿದು ಬೇಲಿಯ ಹತ್ತಿರ ಎಳೆದೊಯ್ದಳು.

"ಅವರ ಗಿಳಿ ಏನು ತಿನ್ನತ್ತೆ ಕೇಳು."

ಹುಳ, ವಸಂತದಲ್ಲಿ ಕೋವಾಯಿ ಮರದ ಹಳದಿ ಹೂವಿನ ಜೇನು, ಎಂದರು ಅಂಕಲ್.

"ನಿಮ್ಮಪ್ಪಂಗೂ ಸಿಹಿ ಅಂದ್ರೆ ಪ್ರಾಣ. ಆ ಗಿಡ ತಗೊಂಬಾರೇ."

ಬೇಲಿಯ ಪಕ್ಕ ಕೋವಾಯಿ ನೆಟ್ಟೆವು. ಅಂದಿನಿಂದ ಉಣ್ಣುವ ಮುಂಚೆ ಅದಕ್ಕೊಂದು ಚೊಂಬು ನೀರು. ಅನ್ನ ನಿಂತ ಮೇಲೆ ಅಂಕಲ್ ಬೋನಿಗೆ ಇಲಿಗಳು ಬೀಳತೊಡಗಿದವು. ಗಿಡ ಮರವಾಯಿತು, ಹೂ ಬಿಟ್ಟಿತು, ಹಾಡುಹಕ್ಕಿಗಳು ಬಂದವು. ಗಿಳಿಯ ಸುಳಿವಿಲ್ಲ.

ಈ ವಸಂತದಲ್ಲಿ ಒಂದು ಮಧ್ಯಾಹ್ನ ಅಂಕಲ್ ಕೂಗಿದರು. ಓಡಿದೆವು. ಕಂದು ಗಿಳಿ ಕೊಂಬೆಗೆ ತಲೆಕೆಳಗಾಗಿ ನೇತುಬಿದ್ದು ಹೂ ಕೀಳುತ್ತಿತ್ತು. ತೊಗಟೆ ಸಿಗಿದು ನಾನು ಒಗೆದು ಹಾಕಿದ್ದ ಬೆಡ್‌ಶೀಟಿನ ಮೇಲೆಲ್ಲ ಎಸೆದಿತ್ತು. ಅಂಕಲ್ ಕಣ್ಣೊರೆಸಿಕೊಳ್ಳುತ್ತಾ ನಗುತ್ತಿದ್ದರು.

ಅಮ್ಮ ಸೊಂಟದ ಮೇಲೆ ಕೈಯಿಟ್ಟು ಗಿಳಿಯನ್ನೇ ಗದರಿದಳು: "ಎಷ್ಟು ವರ್ಷ ಕಾಯಿಸೋದ್ರೀ, ಊಟಕ್ಕೆ?"