ಗೆಸ್ಟ್ ಆರ್ಟಿಸ್ಟ್ ಕರೆಯಲು ದೇವದುರ್ಗಕ್ಕೆ ಹೋಗಿದ್ದೆ

ಇಷ್ಟು ವರ್ಷದ ಶಾಮಿಯಾನಾ ವ್ಯವಹಾರದಲ್ಲಿ ನಾನು ಕೊಟ್ಟ ಎಲೆ-ಅಡಿಕೆ ವಾಪಸ್ ಬಂದದ್ದು ಅದೇ ಮೊದಲು.

ಅದೂ ಬೈದು ಎಸೆದದ್ದಲ್ಲ. ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ನನ್ನ ಕಡೆ ಸರಿಸಿದರು. ಪಕ್ಕದಲ್ಲಿ ಚಹಾದ ಕಪ್ಪು ಇಟ್ಟು, ಕುಡಿಯಿರಿ ಎಂದರು. ಬೈದಿದ್ದರೆ ವಾಸಿಯಿತ್ತು. ಬೈಯುವವರ ಜೊತೆ ಚೌಕಾಸಿ ಮಾಡಬಹುದು. ಚಹಾ ಕೊಡುವವರ ಜೊತೆ ಏನು ಮಾಡುತ್ತೀರಿ?

ಮೊದಲಿನಿಂದ ಹೇಳುತ್ತೇನೆ.

ರಾಯಚೂರಿನ ನಮ್ಮ ಮನೆಯ ಮಹಡಿಯಲ್ಲಿ ರೇಣುಕಾ ಬಾಡಿಗೆಗಿದ್ದಾಳೆ. ಮಾನ್ವಿಯವಳು. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ಹಗಲೆಲ್ಲ ಟೋಕನ್ ನಂಬರ್ ಕೂಗುತ್ತಾಳೆ, ಸಂಜೆ ಗಿಟಾರ್ ಹಿಡಿದು ತಾನೇ ಬರೆದ ಹಾಡು ಹಾಡುತ್ತಾಳೆ. (ಮೊದಲ ತಿಂಗಳು ಸದ್ದು ಕಡಿಮೆ ಮಾಡವ್ವಾ ಎಂದವಳು ನಾನೇ. ಈಗ ಒಂದು ಸಂಜೆ ಹಾಡದಿದ್ದರೆ ಮೇಲೆ ಹೋಗಿ ಜ್ವರ ಬಂತೇನು ಎಂದು ವಿಚಾರಿಸುತ್ತೇನೆ.)

ಆರು ಹಾಡಿನ ಆಲ್ಬಂ ಮಾಡುತ್ತೇನೆ ಎಂದಳು. ಐದಕ್ಕೆ ಗಿಟಾರ್ ಮತ್ತು ಅವಳ ದನಿ ಸಾಕು. ಆರನೆಯದೇ ಆಲ್ಬಮ್ಮಿನ ಜೀವ. ಬೆಳಗಿನ ಮೊದಲ ಬಸ್ಸಿಗೆ ಕೆಲಸಕ್ಕೆ ಬರುವ ಹೆಂಗಸರ ಹಾಡು. ಅದಕ್ಕೆ ಶಹನಾಯಿ ಬೇಕು, ತಮಟೆಯಂಥ ನಮ್ಮ ಹಲಗೆ ಬೇಕು. ಕಂಪ್ಯೂಟರಿನಲ್ಲೇ ಎಲ್ಲ ವಾದ್ಯವೂ ಸಿಗುತ್ತವಂತಲ್ಲ ಎಂದೆ. ಸಿಗುತ್ತವೆ, ಆದರೆ ಆ ಹಲಗೆ ಯಾವ ಊರಿನದೋ ಗೊತ್ತಾಗುವುದಿಲ್ಲ ಎಂದಳು. ಗೆಸ್ಟ್ ಆರ್ಟಿಸ್ಟುಗಳನ್ನೇ ಕರೆಯಬೇಕು. ಹಲಗೆ ಸಿಗದಿದ್ದರೆ ಆ ಹಾಡನ್ನೇ ಬಿಡುತ್ತೇನೆ ಎಂದಳು.

ನನಗೆ ಉತ್ಸಾಹ ಉಕ್ಕಿತು. ಬ್ಯಾಂಡು, ಶಹನಾಯಿ, ಹಲಗೆ ಕರೆಸುವುದು ನನಗೆ ಹೊಸದೇ? ಅರ್ಧ ಜಿಲ್ಲೆಯ ಮದುವೆಗಳಿಗೆ ಕರೆಸಿದವಳು. ನಾನಿದ್ದೇನೆ ಸುಮ್ಮನಿರು ಎಂದೆ.

ಶಹನಾಯಿ ಒಂದೇ ಫೋನಿಗೆ ಮುಗಿಯಿತು. ಮಾನ್ವಿಯ ಖಾಜಾಸಾಬ್ ನನ್ನ ಹಳೆಯ ಪರಿಚಯ. ಎಷ್ಟು ಕೊಡುತ್ತೀರಿ ಎಂದು ಅವರು ಕೇಳಲಿಲ್ಲ. "ಮದುವ್ಯಾಗ ಎಲ್ಲಾರ ಕಣ್ಣು ಊಟದ ಕಡಿಗೇ ಇರ್ತಾವ ಅಕ್ಕಾ. ಇಲ್ಲಿ ಕೇಳೋರು ಯಾರರ ಇದ್ದಾರೇನು?" ಎಂದರು. ಕೇಳುವುದಕ್ಕೆಂದೇ ರಾಯಚೂರಿನಲ್ಲಿ ಸ್ಟುಡಿಯೋ ಅಂತ ಒಂದು ರೂಮು ಕಟ್ಟಿಸಿದ್ದಾರೆ ಎಂದೆ. ಅಷ್ಟಕ್ಕೇ ಒಪ್ಪಿದರು.

ಉಳಿದದ್ದು ಹಲಗೆ. ದೇವದುರ್ಗದ ಏಪ್ರಿಲ್ ಹದಿನಾಲ್ಕರ ಜಯಂತಿ ಮೆರವಣಿಗೆಯ ವಿಡಿಯೋ ಒಂದನ್ನು ರೇಣುಕಾ ತೋರಿಸಿದಳು. ಬಿಳಿ ಅಂಗಿ ತೊಟ್ಟ ಒಬ್ಬರು ಹಲಗೆ ಬಾರಿಸುತ್ತಿದ್ದಾರೆ. ಅಬ್ಬಾ, ಆ ಕೈ. ವಿಚಾರಿಸಿದಾಗ ತಿಳಿಯಿತು, ಅವರು ಹನುಮೇಶ ಮಾಸ್ತರು, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾರೆ. ಸ್ಟುಡಿಯೋ ಭಾನುವಾರಕ್ಕೆ ಬುಕ್ ಆಗಿತ್ತು. ಗುರುವಾರವೇ ಇಬ್ಬರೂ ದೇವದುರ್ಗದ ಬಸ್ಸು ಹತ್ತಿದೆವು.

ಹೋಗುವಾಗ ನಾನು ರೂಢಿಯಂತೆ ತಟ್ಟೆಯಲ್ಲಿ ಎಲೆ, ಅಡಿಕೆ, ಮೇಲೊಂದು ನೋಟು ಇಟ್ಟುಕೊಂಡೆ. ನಮ್ಮ ಕಡೆ ಹಲಗೆಯವರನ್ನು ಗೊತ್ತುಮಾಡುವುದು ಹಾಗೆಯೇ. ವೀಳ್ಯ ಹಿಡಿದರೆ ಮಾತು ಮುಗಿಯಿತು, ಬಂದೇ ಬರುತ್ತಾರೆ. ಮದುವೆಗೂ ಹಾಗೇ, ಹೆಣಕ್ಕೂ ಹಾಗೇ. ಮರ್ಯಾದೆ ಕೊಡುತ್ತಿದ್ದೇನೆ ಎಂದೇ ನಾನು ಅಂದುಕೊಂಡಿದ್ದೆ.

ಮಾಸ್ತರ ಮನೆಯಲ್ಲಿ ಆ ತಟ್ಟೆಯೇ ವಾಪಸ್ ಬಂದದ್ದು.

ನೋಟು ಸಣ್ಣದಾಯಿತು ಎಂದು ತಿಳಿದೆ. (ವ್ಯಾಪಾರಿಯ ತಲೆ, ಇನ್ನೇನು ಹೊಳೆದೀತು?) ರೇಟು ನೀವೇ ಹೇಳಿ ಎಂದುಬಿಟ್ಟೆ. ಮಾಸ್ತರು ನಕ್ಕರು.

"ಅಕ್ಕಾರ, ನೀವು ಇನ್ನೂ ಮದುವಿ ಮನ್ಯಾಗ ಇದ್ದೀರಿ" ಎಂದರು. "ನಮ್ಮಪ್ಪ ಈ ಎಲಿ ಹಿಡಿದ ಮ್ಯಾಲ ಬ್ಯಾಡ ಅನ್ನಂಗಿದ್ದಿಲ್ರಿ. ಮೈ ಸುಡತಿದ್ರೂ ಹೋಗಬೇಕು. ಹೋಗಿ ದೂರ ನಿಂತು ಬಾರಿಸಬೇಕು, ಊಟಕ್ಕ ಎಲ್ಲಾರದೂ ಆದ ಮ್ಯಾಲ ಕೂಡಬೇಕು. ನಾ ಕಾಲೇಜ್ ಸೇರಿದ ದಿನ, ನೀ ಮಾತ್ರ ಎಲಿ ಹಿಡೀಬ್ಯಾಡ ಅಂದ. ನಾ ಹಿಡಿದಿಲ್ಲ. ಜಯಂತಿಗೆ ಬಾರಿಸ್ತೀನಿ, ಅದು ನನ್ನ ಖುಷಿ."

ಚಹಾದ ಕಪ್ಪನ್ನು ಕೆಳಗಿಟ್ಟೆ. ದೂರ ನಿಂತು ಬಾರಿಸುವ ಆ ಜಾಗವನ್ನು ಎಷ್ಟು ಮದುವೆಗಳಲ್ಲಿ ನಾನೇ ಬೆರಳು ಮಾಡಿ ತೋರಿಸಿಲ್ಲ?

ಹಾಡು ಹೋಯಿತು ಎಂದೇ ಅಂದುಕೊಂಡೆ. ರೇಣುಕಾ ತಟ್ಟೆಯನ್ನು ಎತ್ತಿ ನನ್ನ ಬ್ಯಾಗಿಗೆ ತುರುಕಿದಳು. ನೀವು ಬರಬೇಡಿ ಸರ್, ಹಾಡು ಕೇಳಿ, ಏನು ತಪ್ಪಿದೆ ಹೇಳಿದರೆ ಸಾಕು ಎಂದಳು. ಗಿಟಾರ್ ಇಲ್ಲದೆ ಹಾಗೇ ಹಾಡಿದಳು.

ಸೀಟಿಲ್ಲಂದ್ರ ನಿಂತೇವ ನಾವು
ನಿಂತಲ್ಲೇ ನಕ್ಕೇವ...

ಮಾಸ್ತರು ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ, ಈ ಬಸ್ಸು ಯಾವ ರೋಡಿನದು ಎಂದರು. ಮಾನ್ವಿ ರೋಡು ಎಂದಳು.

"ಹಂಗಾದ್ರ ಇಷ್ಟು ನೆಟ್ಟಗ ಹ್ಯಾಂಗ ಹೊಂಟದವಾ? ನಡುವ ಎರಡು ಸಲ ಎಗರಬೇಕಲ್ಲ."

ಮೇಜಿನ ಮೇಲೆ ತಿದ್ದಲು ಇಟ್ಟಿದ್ದ ನೋಟ್‌ಬುಕ್ಕುಗಳ ಕಟ್ಟಿತ್ತು. ಅದರ ಮೇಲೆ ಬೆರಳಾಡಿಸಿದರು. ಬಸ್ಸು ಹೊರಟಿತು, ಓಡಿತು, ತಗ್ಗಿಗೆ ಬಿತ್ತು, ಎಗರಿತು. ರೇಣುಕಾ ಅದಕ್ಕೆ ಸರಿಯಾಗಿ ಮತ್ತೆ ಹಾಡಿದಳು. ನಾನು ಕುರ್ಚಿಯ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಸುಳ್ಳಲ್ಲ.

ಸ್ಟುಡಿಯೋದಲ್ಲಿ ಎಲ್ಲಿ ಹೊಡೆಯಬೇಕು, ಎಲ್ಲಿ ಬಿಡಬೇಕು ಎಂದು ಯಾರು ಹೇಳುತ್ತಾರೆ ಎಂದು ಮಾಸ್ತರು ಕೇಳಿದರು.

"ಯಾರೂ ಹೇಳಂಗಿಲ್ರಿ ಸರ್. ಅಷ್ಟು ಜಾಗ ನಿಮ್ದ" ಎಂದಳು ಹುಡುಗಿ.

ಭಾನುವಾರ ಎಷ್ಟು ಹೊತ್ತಿಗೆ ಎಂದರು.

ಓದುಗರೇ, ವ್ಯವಹಾರ ಮಾಡುವವರಿಗೆ ನನ್ನದೊಂದು ಸಲಹೆ. ಎದುರಿನವರು ಬೇಡ ಎಂದ ತಕ್ಷಣ ರೇಟು ಏರಿಸಬೇಡಿ. ಯಾವುದನ್ನು ಕಾಪಾಡಿಕೊಳ್ಳಲು ಬೇಡ ಎನ್ನುತ್ತಿದ್ದಾರೆ ಎಂದು ನೋಡಿ. ಇದನ್ನು ನನಗೆ ಕಲಿಸಿದ್ದು ಟೋಕನ್ ಕೂಗುವ ಹುಡುಗಿ.

ಭಾನುವಾರದ ಮಜಾ ಕೇಳಿ. ಸ್ಟುಡಿಯೋ ಒಳಗೆ ಎಸಿ. ತಂಪಿಗೆ ಹಲಗೆಯ ಚರ್ಮ ಸಡಿಲವಾಗಿ, ಒದ್ದೆ ರಟ್ಟು ಬಡಿದಂಥ ಸದ್ದು. ಹಲಗೆಗೆ ಬೆಂಕಿಯ ಕಾವು ಬೇಕು. ಗೋಡೆ ತುಂಬ ಸ್ಪಂಜು ಅಂಟಿಸಿರುವ ಕೋಣೆಯಲ್ಲಿ ಬೆಂಕಿಯೇ? ಸ್ಟುಡಿಯೋ ಮಾಲೀಕ ಕೈಮುಗಿದುಬಿಟ್ಟ. ಆಗ ನನಗೆ ಹೊಳೆಯಿತು. ಮಾಳಿಗೆ ಮೇಲೆ ರಾಯಚೂರಿನ ಮಧ್ಯಾಹ್ನ ಪುಕ್ಕಟೆ ಬಿದ್ದಿದೆಯಲ್ಲ? ಹತ್ತು ನಿಮಿಷ ಬಿಸಿಲಿಗಿಟ್ಟೆವು, ಹಲಗೆ ಗಂಟೆಯಂತೆ ನುಡಿಯಿತು. ಎಸಿ ಆಫ್. ಎಲ್ಲರೂ ಬೆವರಿನಲ್ಲಿ ಸ್ನಾನ.

ಹೆಡ್‌ಫೋನ್ ಹಾಕಿದ ಖಾಜಾಸಾಬ್ ತಕ್ಷಣ ಕಿತ್ತು ಇಟ್ಟರು. ತಾಳ ತಪ್ಪದಿರಲಿ ಎಂದು ಅದರಲ್ಲಿ ಟಕ್ ಟಕ್ ಸದ್ದು ಬಿಡುತ್ತಾರೆ. ಕಿವಿಯಲ್ಲಿ ಯಾರೋ ಮೊಳೆ ಹೊಡೆಯುತ್ತಿದ್ದಾರೆ ಎಂದರು. ವಿಜ್ಞಾನದ ಮಾಸ್ತರಿಗೆ ಅದು ಲೋಲಕದಂತೆ ಇಷ್ಟವಾಯಿತು. ಕೊನೆಗೆ ಇಬ್ಬರನ್ನೂ ಎದುರುಬದುರು ಕೂರಿಸಿದರು. ಮಾಸ್ತರು ಟಕ್ ಟಕ್ ಕೇಳಬೇಕು, ಖಾಜಾಸಾಬ್ ಮಾಸ್ತರ ಕೈ ನೋಡಬೇಕು.

ಮೂರನೆಯ ಟೇಕ್. ಬಸ್ಸು ತಗ್ಗಿಗೆ ಬಿತ್ತು, ಹಲಗೆ ಎಗರಿತು, ಅದರ ಬೆನ್ನಿಗೇ ಶಹನಾಯಿ ಕಿಲಕಿಲ ನಕ್ಕಿತು. ಯಾರೂ ಹೇಳಿಕೊಟ್ಟದ್ದಲ್ಲ. ರೇಣುಕಾ ಮುಂದಿನ ಸಾಲು ಮರೆತು ಜೋರಾಗಿ ನಕ್ಕುಬಿಟ್ಟಳು. ಮಾಲೀಕ ಆ ನಗುವನ್ನೂ ಹಾಡಿನಲ್ಲೇ ಉಳಿಸಿದ. ನನ್ನ ಬಳೆಗಳನ್ನು ಮೊದಲೇ ತೆಗೆಸಿದ್ದು ಪುಣ್ಯ, ಇಲ್ಲದಿದ್ದರೆ ನನ್ನ ಚಪ್ಪಾಳೆಯೂ ಗೆಸ್ಟ್ ಆರ್ಟಿಸ್ಟ್ ಆಗುತ್ತಿತ್ತು.

ಹೊರಡುವಾಗ ಮಾಸ್ತರು ನನ್ನನ್ನು ಬದಿಗೆ ಕರೆದರು. "ಒಂದ ಮಾತು ಅಕ್ಕಾರ. ನಿಮ್ಮ ಗಿರಾಕಿಗೆ ಯಾರಿಗೂ ನನ್ನ ನಂಬರ್ ಕೊಡಬ್ಯಾಡ್ರಿ."

ಹಾಡಿನ ಒಂದು ನಿಮಿಷದ ತುಣುಕನ್ನು ರೇಣುಕಾ ಬಿಟ್ಟ ಮಾರನೆಯ ದಿನವೇ ಸಿರವಾರದ ವ್ಯಾಪಾರಿಯೊಬ್ಬರ ಫೋನು. ಮಗನ ಮದುವೆ, ಆ ಹಲಗೆಯವನೇ ಬೇಕು, ಕೇಳಿದಷ್ಟು ಕೊಡುತ್ತೇನೆ. ನನ್ನ ಹಳೆಯ ಬುದ್ಧಿ ಒಂದು ಕ್ಷಣ ಕಿವಿ ನಿಮಿರಿಸಿತು, ಒಪ್ಪಿಕೊಳ್ಳುತ್ತೇನೆ. ನಂಬರ್ ಕೊಡಲಾಗುವುದಿಲ್ಲ ಎಂದೆ. ಹಲಗೆ ಬಾರಿಸುವವನಿಗೆ ಇಷ್ಟು ಧಿಮಾಕೇ ಎಂದರು. ಅವರು ಹೈಸ್ಕೂಲ್ ಮಾಸ್ತರು ಎಂದೆ. ನಿಮ್ಮೂರ ಮಾಸ್ತರನ್ನು ಮದುವೆಗೆ ಹೇಗೆ ಕರೆಯುತ್ತೀರಿ ಎಂದು ಕೇಳಿದೆ.

"ಕಾರ್ಡ್ ಕೊಟ್ಟು, ಮನಿ ಮಂದಿ ಎಲ್ಲಾ ಬರ್ರಿ ಅಂತೀನಿ" ಎಂದರು.

ಹಾಗೇ ಇವರಿಗೂ ಕೊಡಿ, ಹಲಗೆ ಬರುವುದಿಲ್ಲ, ಮಾಸ್ತರು ಮೊದಲ ಪಂಕ್ತಿಗೆ ಊಟಕ್ಕೆ ಬರುತ್ತಾರೆ ಎಂದು ಶಾಲೆಯ ವಿಳಾಸ ಬರೆಸಿದೆ.

ಮದುವೆ ನಾಡಿದ್ದು. ದೇವದುರ್ಗಕ್ಕೆ ಇನ್ನೂ ಕಾರ್ಡು ಹೋಗಿಲ್ಲ.